ರಾಣಿ ಕಾಲದ ಹೆಸರುಗಳು: ನೀವು ಕೇಳಿದ್ದು, ನಾವು ಹೇಳಿದ್ದು

ಹಳೆಯ ಇಂಗ್ಲಿಷ್ ಹೆಸರುಗಳ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ವಿಕ್ಟೋರಿಯಾ ರಾಣಿಯ ಕಾಲದವೇ, ಅಂದರೆ 1837ರಿಂದ 1901ರವರೆಗಿನವು. ಹಾಗಾಗಿ ಈ ಸಲದ ಅಂಕಣವನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇವೆ. ಕೆಲವು ಪತ್ರಗಳು ಉದ್ದ ಇದ್ದವು, ಸ್ವಲ್ಪ ಕತ್ತರಿಸಿದ್ದೇವೆ.

ನಾವು ಹಾಸನದ ಕಡೆಯವರು, ಈಗ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದೇವೆ. ಮಗಳ ನರ್ಸರಿಯಲ್ಲಿ ಐವಿ, ಫ್ಲಾರೆನ್ಸ್, ಎಲ್ಸಿ, ಆರ್ಥರ್ ಅನ್ನುವ ಮಕ್ಕಳಿದ್ದಾರೆ. ಪಕ್ಕದ ಮನೆಯ ಅಜ್ಜಿ "ಇವೆಲ್ಲ ನಮ್ಮ ಅಜ್ಜಿ ಕಾಲದ ಹೆಸರು" ಎನ್ನುತ್ತಾರೆ. ಇವು ಯಾಕೆ ಮತ್ತೆ ಬಂದವು? ಅರ್ಥ ಏನು?
— ಓದುಗರೊಬ್ಬರು, ಬರ್ಮಿಂಗ್‌ಹ್ಯಾಮ್

ಆ ಅಜ್ಜಿ ಹೇಳಿದ್ದು ಸರಿ. ನಮ್ಮಲ್ಲಿ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ಎಷ್ಟೋ ಮನೆಗಳಲ್ಲಿ ಪದ್ಧತಿ, ಅದನ್ನು ಯಾರೂ ಫ್ಯಾಷನ್ ಎನ್ನುವುದಿಲ್ಲ. ಇಂಗ್ಲೆಂಡಿನಲ್ಲಿ ಬೇರೆ ಥರ ಆಗಿದೆ. ಅಪ್ಪ ಅಮ್ಮನ ವಯಸ್ಸಿನವರ ಹೆಸರು ಕೇಳಿದರೆ ಆಫೀಸಿನ ಮೇಲಧಿಕಾರಿಯೋ ಶಾಲೆಯ ಟೀಚರೋ ನೆನಪಾಗುತ್ತಾರೆ, ಆ ಹೆಸರನ್ನು ಕೂಸಿಗೆ ಇಡಲು ಮನಸ್ಸು ಬರುವುದಿಲ್ಲ. ಅಜ್ಜಿಯ ಹೆಸರು ಮುಪ್ಪನ್ನು ನೆನಪಿಸುತ್ತದೆ. ಅದಕ್ಕೂ ಹಿಂದಿನ ಮುತ್ತಜ್ಜಿಯನ್ನು ಮಾತ್ರ ಹೆಚ್ಚಿನವರು ಕಂಡೇ ಇರುವುದಿಲ್ಲ, ಹಾಗಾಗಿ ಆ ಹೆಸರು ಹೊಸದರಂತೆಯೇ ಕಿವಿಗೆ ಬೀಳುತ್ತದೆ. ಸುಮಾರು ನೂರು ವರ್ಷಕ್ಕೆ ಒಂದು ಸುತ್ತು ಎಂದು ಜನ ಹೇಳುವುದು ಇದಕ್ಕೇ. ಆರ್ಥರ್ ಅನ್ನೇ ನೋಡಿ. 1920ರ ದಶಕದ ನಂತರ ಇಂಗ್ಲೆಂಡ್ ಮತ್ತು ವೇಲ್ಸ್‌ನ ಗಂಡುಮಕ್ಕಳ ಮೊದಲ ಹತ್ತು ಹೆಸರುಗಳಿಗೆ ಅದು ಮತ್ತೆ ಬಂದದ್ದು 2018ರಲ್ಲಿ.

ಅರ್ಥಕ್ಕೆ ಬರೋಣ. ಐವಿ ಅಂದರೆ ಹಳೆಯ ಗೋಡೆಗಳಿಗೆ ಹಬ್ಬುವ ಹಸಿರು ಬಳ್ಳಿ. ಹಿಡಿದದ್ದನ್ನು ಬಿಡದ ಬಳ್ಳಿಯಾದ್ದರಿಂದ ಆ ಕಾಲದವರು ಅದನ್ನು ನಿಷ್ಠೆಯ ಗುರುತು ಎಂದು ಕಂಡರು. ಎಲ್ಸಿ ಬಂದದ್ದು ಸ್ಕಾಟ್ಲೆಂಡಿನಿಂದ, ಎಲಿಜಬೆತ್‌ನ ಮುದ್ದಿನ ರೂಪ ಅದು. ಎಲಿಜಬೆತ್ ಹೀಬ್ರೂ ಮೂಲದ್ದು, 'ದೇವರೇ ನನ್ನ ಆಣೆ' ಎಂಬ ಅರ್ಥ.

ಫ್ಲಾರೆನ್ಸ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಲ್ಯಾಟಿನ್ನಿನಲ್ಲಿ ಅರಳುವುದು, ಏಳಿಗೆಯಾಗುವುದು ಎಂದು ಅರ್ಥ. ಆದರೆ ಆ ಕಾಲದ ಅಪ್ಪ ಅಮ್ಮಂದಿರು ಲ್ಯಾಟಿನ್ ನೋಡಿ ಈ ಹೆಸರಿಟ್ಟವರಲ್ಲ. 1820ರ ಮೇ 12ರಂದು ಇಟಲಿಯ ಫ್ಲಾರೆನ್ಸ್ ಊರಿನಲ್ಲಿ ಒಂದು ಇಂಗ್ಲಿಷ್ ದಂಪತಿಗೆ ಮಗಳು ಹುಟ್ಟಿದಳು, ಊರಿನ ಹೆಸರನ್ನೇ ಇಟ್ಟರು. ಅವಳ ಅಕ್ಕ ಹುಟ್ಟಿದ್ದು ನೇಪಲ್ಸ್‌ನಲ್ಲಿ, ಅವಳಿಗೂ ಆ ಊರಿನ ಹಳೆಯ ಗ್ರೀಕ್ ಹೆಸರು: ಪಾರ್ಥೆನೊಪಿ. ತಂಗಿ ಮುಂದೆ ಕ್ರಿಮಿಯಾ ಯುದ್ಧದಲ್ಲಿ ಗಾಯಾಳು ಸೈನಿಕರ ಶುಶ್ರೂಷೆಗೆ ನಿಂತಳು, ಅವಳೇ ಫ್ಲಾರೆನ್ಸ್ ನೈಟಿಂಗೇಲ್. ಯುದ್ಧ ಮುಗಿದ ಮೇಲೆ ಇಂಗ್ಲೆಂಡಿನ ಸಾಮಾನ್ಯ ಮನೆಗಳಲ್ಲೂ ಫ್ಲಾರೆನ್ಸ್‌ಗಳು ತುಂಬಿದರು. ನಮ್ಮ ನರ್ಸಿಂಗ್ ಕಾಲೇಜುಗಳಲ್ಲಿ ಮೇ 12ರಂದು ದಾದಿಯರ ದಿನ ಮಾಡುತ್ತಾರಲ್ಲ, ಅದು ಈಕೆ ಹುಟ್ಟಿದ ದಿನ. ಅದೇ ಯುದ್ಧದಿಂದ ಇನ್ನೊಂದು ಹೆಸರೂ ಬಂತು. 1854ರ ಸೆಪ್ಟೆಂಬರ್‌ನಲ್ಲಿ ಕ್ರಿಮಿಯಾದ ಆಲ್ಮಾ ನದಿಯ ದಂಡೆಯಲ್ಲಿ ಬ್ರಿಟಿಷರು ಮತ್ತು ಫ್ರೆಂಚರು ರಷ್ಯನ್ನರನ್ನು ಸೋಲಿಸಿದರು, ಆಮೇಲೆ ಹುಟ್ಟಿದ ಎಷ್ಟೋ ಹೆಣ್ಣುಮಕ್ಕಳು ಆಲ್ಮಾ ಆದರು.

ಕೊಡಗಿನ ರಾಜಕುಮಾರಿ ಗೌರಮ್ಮನಿಗೆ 'ವಿಕ್ಟೋರಿಯಾ' ಎಂಬ ಹೆಸರು ಯಾಕೆ ಬಂತು? ಆಗ ಇಂಗ್ಲೆಂಡಿನಲ್ಲಿ ಎಲ್ಲರ ಮನೆಯಲ್ಲೂ ವಿಕ್ಟೋರಿಯಾಗಳೇ ಇದ್ದರೇ?
— ಓದುಗರೊಬ್ಬರು, ಮಡಿಕೇರಿ

ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ಎರಡನೆಯದಕ್ಕೆ ಮೊದಲು ಉತ್ತರ ಕೊಡುತ್ತೇವೆ: ಇಲ್ಲ. ಆ ಕಾಲದ ಇಂಗ್ಲೆಂಡಿನಲ್ಲಿ ಎಲ್ಲಿ ನೋಡಿದರೂ ಮೇರಿ, ಎಲಿಜಬೆತ್, ಸಾರಾ. ಗಂಡುಮಕ್ಕಳಲ್ಲಿ ವಿಲಿಯಂ, ಜಾನ್, ಜಾರ್ಜ್. ವಿಕ್ಟೋರಿಯಾ ಅಂದರೆ ಲ್ಯಾಟಿನ್ನಿನಲ್ಲಿ ಗೆಲುವು, ಆದರೆ ಅದು ಅಲ್ಲಿಯವರಿಗೆ ಪರದೇಶಿ ಹೆಸರಾಗಿತ್ತು. ರಾಣಿಗೇ ಆ ಹೆಸರು ಬಂದ ರೀತಿ ನೋಡಿ. 1819ರಲ್ಲಿ ಅವಳ ನಾಮಕರಣದ ಹೊತ್ತಿಗೆ ಅಪ್ಪ ಅಮ್ಮ ಬಯಸಿದ್ದು ಜಾರ್ಜಿಯಾನಾ, ಷಾರ್ಲಟ್, ಆಗಸ್ಟಾ ಥರದ ರಾಜಮನೆತನದ ಹೆಸರುಗಳನ್ನು. ಆಗ ರಾಜ್ಯಭಾರ ನೋಡಿಕೊಳ್ಳುತ್ತಿದ್ದ ದೊಡ್ಡಪ್ಪ ಅದು ಯಾವುದಕ್ಕೂ ಒಪ್ಪಲಿಲ್ಲ. ಕೊನೆಗೆ ರಷ್ಯಾದ ದೊರೆ ಅಲೆಕ್ಸಾಂಡರನ ನೆನಪಿಗೆ ಅಲೆಕ್ಸಾಂಡ್ರಿನಾ, ಅದರ ಮುಂದೆ ಜರ್ಮನಿಯಿಂದ ಬಂದ ತಾಯಿಯ ಹೆಸರು ವಿಕ್ಟೋರಿಯಾ. ಮನೆಯಲ್ಲಿ ಕರೆಯುತ್ತಿದ್ದದ್ದು ಡ್ರೀನಾ ಎಂದು. ಪಟ್ಟಕ್ಕೆ ಬರುವ ಮುಂಚೆ, ಇದು ಇಂಗ್ಲಿಷರ ಹೆಸರಲ್ಲ, ಎಲಿಜಬೆತ್ ಎಂದು ಬದಲಾಯಿಸೋಣ ಎಂಬ ಮಾತೂ ಎದ್ದಿತ್ತು.

ಹಾಗಾಗಿ ಜನ ಅದನ್ನು ಸುಮ್ನೆ ಇಟ್ಟುಕೊಳ್ಳಲಿಲ್ಲ. ರಾಣಿಯೇ ಕೊಟ್ಟಾಗ ಅದೊಂದು ದೊಡ್ಡ ಗೌರವ, ಜೊತೆಗೆ ಒಂದು ಮುದ್ರೆ. ಕೊಡಗನ್ನು ಬ್ರಿಟಿಷರು 1834ರಲ್ಲಿ ಕಿತ್ತುಕೊಂಡ ಮೇಲೆ ಅಲ್ಲಿನ ದೊರೆ ಚಿಕ್ಕವೀರರಾಜೇಂದ್ರನನ್ನು ಕಾಶಿಯಲ್ಲಿ ಇಟ್ಟಿದ್ದರು. 1852ರಲ್ಲಿ ಅವನು ಹನ್ನೊಂದರ ಹರೆಯದ ಮಗಳು ಗೌರಮ್ಮನನ್ನು ಕರೆದುಕೊಂಡು ಲಂಡನ್ನಿಗೆ ಹೋದ. ಅದೇ ವರ್ಷ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಅವಳಿಗೆ ದೀಕ್ಷಾಸ್ನಾನ ಆಯಿತು. ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರು ಕೊಟ್ಟಳು. ಅಂದಿನಿಂದ ಆಕೆ ವಿಕ್ಟೋರಿಯಾ ಗೌರಮ್ಮ. ಪಂಜಾಬಿನ ದೊರೆ ದುಲೀಪ್ ಸಿಂಗನ ಮಗನಿಗೂ ಹೀಗೇ ಆಯಿತು, 1866ರಲ್ಲಿ ಹುಟ್ಟಿದ ಆ ಮಗು ವಿಕ್ಟರ್ ಆಲ್ಬರ್ಟ್. ರಾಜ್ಯ ಹೋದವರ ಮಕ್ಕಳಿಗೆ ರಾಜ್ಯ ಪಡೆದವರ ಹೆಸರು. ಅದರಲ್ಲಿ ರಾಣಿಯ ಪ್ರೀತಿಯೂ ಇತ್ತು ಎಂದೇ ನಮಗೆ ಅನ್ನಿಸುತ್ತದೆ, ಆದರೆ 'ಗೆಲುವು' ಎಂಬ ಅರ್ಥದ ಹೆಸರನ್ನು ಸೋತವರ ಮನೆಯ ಹುಡುಗಿಗೆ ಇಟ್ಟದ್ದನ್ನು ಓದಿದಾಗ ಸಂಕಟವಾಗದೆ ಇರುವುದಿಲ್ಲ.

ಗೌರಮ್ಮ 1860ರಲ್ಲಿ ಒಬ್ಬ ಬ್ರಿಟಿಷ್ ಸೇನಾಧಿಕಾರಿಯನ್ನು ಮದುವೆಯಾದಳು. ಮಗಳು ಹುಟ್ಟಿದಳು, ಹೆಸರು ಎಡಿತ್. 1864ರಲ್ಲಿ, ಚಿಕ್ಕ ವಯಸ್ಸಿನಲ್ಲೇ ಗೌರಮ್ಮ ತೀರಿಕೊಂಡಳು. ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಅವಳ ಸಮಾಧಿ ಇದೆ.

ಹೆಸರಿನ ನಿಘಂಟಿನಲ್ಲಿ ಎಡಿತ್ ಅಂದರೆ 'ಸಂಪತ್ತು, ಯುದ್ಧ' ಎಂದಿದೆ. ಹಿಲ್ಡಾ ಅಂದರೆ 'ಕಾಳಗ', ಗರ್ಟ್ರೂಡ್ ಅಂದರೆ 'ಈಟಿಯ ಬಲ', ಮಾಡ್ ಅಂದರೆ 'ಕಾಳಗದಲ್ಲಿ ಶಕ್ತಿ'. ಹೆಣ್ಣು ಕೂಸಿಗೆ ಯಾರಾದರೂ ಇಂಥ ಅರ್ಥ ನೋಡಿ ಹೆಸರಿಡುತ್ತಾರಾ?
— ವಿದ್ಯಾರ್ಥಿನಿ, ಧಾರವಾಡ

ಇಡುವುದಿಲ್ಲ. ಯಾರೂ ಅರ್ಥ ನೋಡಿ ಇಟ್ಟದ್ದೇ ಅಲ್ಲ.

ಸಾವಿರ ವರ್ಷದ ಹಿಂದೆ ಇಂಗ್ಲೆಂಡ್, ಜರ್ಮನಿ ಕಡೆಯ ಜನ ಎರಡು ತುಂಡು ಜೋಡಿಸಿ ಹೆಸರು ಮಾಡುತ್ತಿದ್ದರು. 'ಎಡ್' ಅಂದರೆ ಸಿರಿ, ಭಾಗ್ಯ. ಅದಕ್ಕೆ ಕಾವಲು ಎಂಬ ತುಂಡು ಸೇರಿಸಿದರೆ ಎಡ್ವರ್ಡ್, ಗೆಳೆಯ ಸೇರಿಸಿದರೆ ಎಡ್ವಿನ್, ಯುದ್ಧ ಸೇರಿಸಿದರೆ ಎಡಿತ್. 'ಆಲ್ಫ್' ಅಂದರೆ ಕಾಡಿನ ಯಕ್ಷ ಥರದ ಜೀವಿ, ಅದರ ಜೊತೆ ಬುದ್ಧಿಮಾತು ಸೇರಿ ಆಲ್ಫ್ರೆಡ್. 'ಎಥೆಲ್' ಅಂದರೆ ಕುಲೀನ, ಅದು ಉದ್ದ ಹೆಸರುಗಳ ಮೊದಲ ತುಂಡು, ವಿಕ್ಟೋರಿಯಾ ಕಾಲದವರು ಅದೊಂದನ್ನೇ ಮುರಿದು ಹೆಸರು ಮಾಡಿಕೊಂಡರು. ಎರಡು ತುಂಡು ಸೇರಿ ಒಂದು ಪೂರ್ತಿ ವಾಕ್ಯ ಆಗಲೇಬೇಕು ಎಂದೇನೂ ಇರಲಿಲ್ಲ. ಅಪ್ಪನ ಹೆಸರಿಂದ ಒಂದು, ಅಮ್ಮನ ಹೆಸರಿಂದ ಒಂದು ತೆಗೆದುಕೊಳ್ಳುವುದೂ ಇತ್ತು. ನಮ್ಮಲ್ಲೂ ಈಗ ಅಪ್ಪ ಅಮ್ಮನ ಹೆಸರಿನ ಅಕ್ಷರ ಕೂಡಿಸಿ ಹೊಸ ಹೆಸರು ಕಟ್ಟುತ್ತಾರಲ್ಲ, ಅಂಥದ್ದೇ. ಹಾಗಾಗಿ 'ಸಂಪತ್ತು, ಯುದ್ಧ' ಎಂಬುದನ್ನು ಒಟ್ಟಿಗೆ ಓದಿ ತಲೆ ಕೆಡಿಸಿಕೊಳ್ಳಬೇಡಿ.

1066ರಲ್ಲಿ ನಾರ್ಮನ್ನರು ಗೆದ್ದು ಬಂದ ಮೇಲೆ ಈ ಹಳೆಯ ಹೆಸರುಗಳಲ್ಲಿ ಬಹಳಷ್ಟು ಮೂಲೆಗೆ ಬಿದ್ದವು, ವಿಲಿಯಂ, ರಾಬರ್ಟ್, ರಿಚರ್ಡ್ ಮುಂದೆ ಬಂದವು. ಮತ್ತೆ ಅವು ಮೇಲೆದ್ದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಯಾಕೆಂದರೆ ಆಗ ಇಂಗ್ಲೆಂಡಿನವರಿಗೆ ತಮ್ಮ ಹಳೆಯ ಕಾಲದ ಮೇಲೆ ಬಹಳ ಮೋಹ ಹುಟ್ಟಿತ್ತು. ರೈಲು, ಕಾರ್ಖಾನೆ, ಹೊಗೆ ಜಾಸ್ತಿಯಾದಷ್ಟೂ ಅವರು ಕಟ್ಟಡಗಳನ್ನು ಹಳೆಯ ಚರ್ಚಿನಂತೆ ಕಟ್ಟಿದರು, ಚಿತ್ರಗಳಲ್ಲಿ ವೀರರನ್ನು ಬರೆದರು, ಟೆನಿಸನ್ ಕವಿ ಆರ್ಥರ್ ದೊರೆಯ ಕಥೆಯನ್ನು ಮತ್ತೆ ಹಾಡಿದ. ರಾಣಿ ತನ್ನ ಗಂಡುಮಕ್ಕಳಲ್ಲಿ ಒಬ್ಬನಿಗೆ 1844ರಲ್ಲಿ ಆಲ್ಫ್ರೆಡ್, ಇನ್ನೊಬ್ಬನಿಗೆ 1850ರಲ್ಲಿ ಆರ್ಥರ್ ಎಂದು ಇಟ್ಟಳು. ಎನಿಡ್ ಎಂಬ ವೇಲ್ಸ್‌ನ ಹೆಸರು ಇಂಗ್ಲೆಂಡಿಗೆ ಬಂದದ್ದು ಟೆನಿಸನ್ನನ ಕಾವ್ಯದಿಂದ, 1859ರಲ್ಲಿ. ಹಾಗೆ ನೋಡಿದರೆ ಎಡಿತ್ ಎಂದು ಹೆಸರಿಟ್ಟ ತಾಯಿಯ ಮನಸ್ಸಿನಲ್ಲಿ ಇದ್ದದ್ದು ಯುದ್ಧ ಅಲ್ಲ. ಹಳೆಯ ಇಂಗ್ಲೆಂಡಿನ ರಾಣಿಯರು, ಸಂತರು ಹೊತ್ತ ಹೆಸರು ಎಂಬ ಹೆಮ್ಮೆ.

ಆದ್ದರಿಂದ ಯಾವ ಹೆಸರನ್ನೇ ಆಗಲಿ, ನಿಘಂಟಿನ ಅರ್ಥವನ್ನು ಮೊದಲ ಮೆಟ್ಟಿಲು ಎಂದಷ್ಟೇ ತಿಳಿಯಿರಿ. ಆ ಹೆಸರು ಯಾವ ವರ್ಷ ಯಾರ ಮನೆಯಲ್ಲಿ ಇಟ್ಟದ್ದು, ಆಗ ಸುತ್ತ ಏನು ನಡೆದಿತ್ತು ಎಂದು ಕೇಳಿದರೆ ನಿಜವಾದ ಅರ್ಥ ಅಲ್ಲಿ ಸಿಗುತ್ತದೆ. ಗರ್ಟ್ರೂಡ್ ಮಾತ್ರ ಇನ್ನೂ ಫ್ಯಾಷನ್ನಿಗೆ ವಾಪಸ್ ಬಂದಿಲ್ಲ, ಉಚ್ಚಾರ ಭಾರ ಅನ್ನಿಸುತ್ತದೆ. ಬರ್ತಾ ಎಂಬ ಹೆಸರಿಗೆ 'ಹೊಳಪು' ಎಂಬ ಸುಂದರ ಅರ್ಥ ಇದ್ದರೂ ಮೊದಲ ಮಹಾಯುದ್ಧದಲ್ಲಿ ಜರ್ಮನರ ದೈತ್ಯ ತೋಪಿಗೆ 'ದಪ್ಪ ಬರ್ತಾ' ಎಂದು ಹೆಸರು ಬಿದ್ದ ಮೇಲೆ ಅದು ಚೇತರಿಸಿಕೊಳ್ಳಲೇ ಇಲ್ಲ.

ನಮ್ಮ ಅಜ್ಜಿ ಲಿಲ್ಲಿ, ಅವರ ತಂಗಿ ಡೈಸಿ, ಇನ್ನೊಬ್ಬ ತಂಗಿ ಪರ್ಲ್. ಇವು ಇಂಗ್ಲೆಂಡಿನಿಂದ ಬಂದ ಹೆಸರುಗಳಾ?
— ಓದುಗರೊಬ್ಬರು, ಮಂಗಳೂರು

ಹೌದು, ಮೂರೂ ಆ ಕಾಲದ ಕೊನೆಯ ಭಾಗದಲ್ಲಿ ಅರಳಿದ ಹೆಸರುಗಳು. ಕರಾವಳಿಯ ಕ್ರೈಸ್ತ ಮನೆಗಳಲ್ಲಿ, ಬೆಂಗಳೂರಿನ ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಲಿಲ್ಲಿ, ಡೈಸಿ, ಗ್ರೇಸ್, ಆಲಿಸ್ ಇವತ್ತಿಗೂ ಕೇಳಿಸುತ್ತವೆ. ಇಂಗ್ಲೆಂಡಿನಲ್ಲಿ ಇವು ನಡುವೆ ಎಷ್ಟೋ ವರ್ಷ ಮರೆಯಾಗಿದ್ದವು. ನಮ್ಮಲ್ಲಿ ಆ ಬಿಡುವೇ ಇಲ್ಲದೆ ಅಜ್ಜಿಯಿಂದ ಮೊಮ್ಮಗಳಿಗೆ ನಡೆದು ಬಂದವು.

ವಿಕ್ಟೋರಿಯಾ ಕಾಲದವರಿಗೆ ಹೂವಿನ ಹುಚ್ಚು. ಯಾವ ಹೂವು ಕೊಟ್ಟರೆ ಯಾವ ಮಾತು ಹೇಳಿದ ಹಾಗೆ ಎಂದು ಪಟ್ಟಿ ಮಾಡಿ ಪುಸ್ತಕಗಳನ್ನೇ ಅಚ್ಚು ಹಾಕಿದ್ದರು. ಲಿಲ್ಲಿ ಅಂದರೆ ಶುದ್ಧತೆ, ಚರ್ಚಿನ ಚಿತ್ರಗಳಲ್ಲಿ ಮೇರಿಮಾತೆಯ ಪಕ್ಕ ಇರುವ ಹೂವು ಅದೇ. ವಯೊಲೆಟ್ ಅಂದರೆ ವಿನಯ. ಮರ್ಟಲ್ ಎಂಬ ಹಸಿರು ಗಿಡ ಪ್ರೀತಿಗೆ, ಮದುವೆಗೆ ಗುರುತು. ರಾಣಿಯ ಹಿರಿಮಗಳು 1858ರಲ್ಲಿ ಮದುವೆಯಾದಾಗ ಅವಳ ಹೂಗುಚ್ಛದಲ್ಲಿ ಮರ್ಟಲ್ ಇತ್ತು, ಆ ಮನೆತನದ ಮದುಮಗಳ ಕೈಯಲ್ಲಿ ಮರ್ಟಲ್ ಇರುವ ಪದ್ಧತಿ ಇನ್ನೂ ನಡೆಯುತ್ತಿದೆ. ಹೆಸರಾಗಿಯೂ ಅದು ಓಡಾಡಿತು.

ಡೈಸಿಯ ಕಥೆ ನನಗೆ ಬಹಳ ಇಷ್ಟ. ಹಳೆಯ ಇಂಗ್ಲಿಷಿನಲ್ಲಿ ಅದು 'ಹಗಲಿನ ಕಣ್ಣು'. ಬೆಳಿಗ್ಗೆ ಅರಳಿ ಸಂಜೆ ಮುಚ್ಚಿಕೊಳ್ಳುವ ಹೂವಾದ್ದರಿಂದ ಆ ಹೆಸರು. ಅದೇ ಹೂವಿಗೆ ಫ್ರೆಂಚರು ಮಾರ್ಗರೀಟ್ ಎನ್ನುತ್ತಾರೆ. ಹಾಗಾಗಿ ಇಂಗ್ಲೆಂಡಿನಲ್ಲಿ ಮಾರ್ಗರೆಟ್ ಎಂದು ಬರೆಸಿ ಮನೆಯಲ್ಲಿ ಡೈಸಿ ಎಂದು ಕರೆಯುವುದು ರೂಢಿಯಾಯಿತು. ರಾಣಿಯ ಮೊಮ್ಮಗಳು, 1882ರಲ್ಲಿ ಹುಟ್ಟಿದ ರಾಜಕುಮಾರಿ ಮಾರ್ಗರೆಟ್ ಕೂಡ ಮನೆಯವರಿಗೆ ಡೈಸಿ. ಮಾರ್ಗರೆಟ್ ಎಂಬ ಗ್ರೀಕ್ ಮೂಲದ ಹೆಸರಿಗೆ ಮುತ್ತು ಎಂದು ಅರ್ಥ, ಪರ್ಲ್ ಅಂದರೂ ಮುತ್ತೇ. ಅಂದರೆ ನಿಮ್ಮ ಇಬ್ಬರು ಚಿಕ್ಕಜ್ಜಿಯರ ಹೆಸರಿಗೂ ಒಳಗೊಳಗೆ ನಂಟಿದೆ. ನಮ್ಮ ಮುತ್ತಮ್ಮ, ರತ್ನಮ್ಮಂದಿರ ಹಾಗೆ ಪರ್ಲ್, ರೂಬಿ, ಬೆರಿಲ್ ಎಂಬ ಹರಳಿನ ಹೆಸರುಗಳು ಅಲ್ಲಿ ಚಾಲ್ತಿಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಗೆ.

ಒಂದು ಇಂಗ್ಲಿಷ್ ಕುಟುಂಬದ ಹಳೆಯ ದಾಖಲೆ ನೋಡುತ್ತಿದ್ದೆ. ಒಂದೇ ತಂದೆ ತಾಯಿಗೆ ಎರಡು ಮೂರು ವರ್ಷದ ಅಂತರದಲ್ಲಿ ಇಬ್ಬರು ಆಲಿಸ್‌ಗಳು. ಬರೆದವರು ತಪ್ಪು ಮಾಡಿದ್ದಾರಾ?
— ಓದುಗರೊಬ್ಬರು, ಮೈಸೂರು

ತಪ್ಪಾಗಿರಲಿಕ್ಕಿಲ್ಲ. ಮೊದಲ ಆಲಿಸ್ ಬದುಕಲಿಲ್ಲ ಎಂದು ತಿಳಿಯಿರಿ. ಸಾವಿನ ದಾಖಲೆಯಲ್ಲಿ ಹುಡುಕಿದರೆ ಸಿಗಬಹುದು. ಆ ಕಾಲದಲ್ಲಿ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ ಸುಮಾರು 150 ಮಕ್ಕಳು ಒಂದು ವರ್ಷ ತುಂಬುವ ಮುಂಚೆಯೇ ತೀರಿಕೊಳ್ಳುತ್ತಿದ್ದವು. ಹೋದ ಮಗುವಿನ ಹೆಸರನ್ನೇ ಮುಂದಿನ ಮಗುವಿಗೆ ಇಡುವುದು ಅಲ್ಲಿ ಸಾಮಾನ್ಯವಾಗಿತ್ತು. ಅಜ್ಜಿಯ ಹೆಸರು ಉಳಿಯಬೇಕು ಎಂಬುದು ಒಂದು ಕಾರಣ, ಹೋದ ಕೂಸಿನ ನೆನಪು ಇನ್ನೊಂದು. ನಮ್ಮ ಹಳ್ಳಿಗಳಲ್ಲಿ ಮಕ್ಕಳು ಉಳಿಯದ ಮನೆಯಲ್ಲಿ ಇದಕ್ಕೆ ಉಲ್ಟಾ ಮಾಡುತ್ತಿದ್ದರು. ತಿಪ್ಪಣ್ಣ, ತಿಪ್ಪಮ್ಮ ಎಂದು ಇಟ್ಟು ಸಾವಿನ ಕಣ್ಣು ಬೀಳದಂತೆ ಕೂಸನ್ನು ಮರೆಮಾಡುತ್ತಿದ್ದರು. ದಾರಿ ಬೇರೆ, ಭಯ ಒಂದೇ.

ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ತನ್ನ ಮಕ್ಕಳಿಗೆ ಇಟ್ಟ ಹೆಸರುಗಳನ್ನು ನೋಡಿದರೂ ಇದೇ ನೆನಪಾಗುತ್ತದೆ. ಗಂಡುಮಕ್ಕಳಿಗೆ ತಾನು ಮೆಚ್ಚಿದ ಬರಹಗಾರರ ಹೆಸರಿಡುತ್ತಿದ್ದ, ಒಬ್ಬ ಆಲ್ಫ್ರೆಡ್ ಟೆನಿಸನ್, ಒಬ್ಬ ಹೆನ್ರಿ ಫೀಲ್ಡಿಂಗ್. ವಾಲ್ಟರ್ ಲ್ಯಾಂಡರ್ ಎಂಬ ಮಗ ಕಂಪನಿ ಸೈನ್ಯ ಸೇರಿ ಭಾರತಕ್ಕೆ ಬಂದು 1863ರ ಕೊನೆಯಲ್ಲಿ ಕಲ್ಕತ್ತೆಯಲ್ಲೇ ತೀರಿಕೊಂಡ. 'ಡೇವಿಡ್ ಕಾಪರ್‌ಫೀಲ್ಡ್' ಬರೆಯುತ್ತಿದ್ದಾಗ, 1850ರಲ್ಲಿ, ಹುಟ್ಟಿದ ಮಗಳಿಗೆ ಆ ಕಾದಂಬರಿಯ ಡೋರಾಳ ಹೆಸರಿಟ್ಟ. ಡೋರಾ ಅಂದರೆ ಕೊಡುಗೆ, ಡೊರೊಥಿಯ ಚಿಕ್ಕ ರೂಪ. ಡೊರೊಥಿ ಎಂದರೆ ದೇವರ ಕೊಡುಗೆ, ನಮ್ಮ ದೇವದತ್ತ ಇದ್ದ ಹಾಗೆ. ಕಾದಂಬರಿಯಲ್ಲಿ ಡೋರಾ ಸಾಯುತ್ತಾಳೆ. ಆ ಮಗುವೂ ಮರುವರ್ಷ ಹೋಯಿತು, ಇನ್ನೂ ವರ್ಷ ತುಂಬಿರಲಿಲ್ಲ.

ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಹಿಂದೆ ಆಲ್ಬರ್ಟ್ ವಿಕ್ಟರ್ ರಸ್ತೆ ಇತ್ತಂತೆ. ಅಪ್ಪ ಅಮ್ಮ ಇಬ್ಬರ ಹೆಸರೂ ಸೇರಿದಂತಿರುವ ಈ ಆಲ್ಬರ್ಟ್ ವಿಕ್ಟರ್ ಯಾರು?
— ಓದುಗರೊಬ್ಬರು, ಬೆಂಗಳೂರು

ಅಪ್ಪ ಅಮ್ಮ ಅಲ್ಲ, ಅಜ್ಜ ಅಜ್ಜಿ. ರಾಣಿಯ ಹಿರಿಮಗನ ಹಿರಿಮಗ ಈತ. ಲಾಲ್‌ಬಾಗ್‌ನ ಗಾಜಿನ ಮನೆಗೆ 1889ರ ನವೆಂಬರ್ 30ರಂದು ಅಡಿಗಲ್ಲು ಇಟ್ಟದ್ದು ಇವನೇ. ಆ ರಸ್ತೆ ಈಗ ಆಲೂರು ವೆಂಕಟರಾಯರ ಹೆಸರಿನಲ್ಲಿದೆ. ಆಲ್ಬರ್ಟ್ ವಿಕ್ಟರ್ 1892ರಲ್ಲಿ ಫ್ಲೂ ಜ್ವರದಿಂದ ತೀರಿಕೊಂಡ, ಪಟ್ಟಕ್ಕೆ ಬರಲೇ ಇಲ್ಲ.

ಆಲ್ಬರ್ಟ್ ಅಂದರೆ 'ಕುಲೀನ' ಮತ್ತು 'ಹೊಳೆಯುವ'. 1840ರಲ್ಲಿ ರಾಣಿ ಜರ್ಮನಿಯ ಆಲ್ಬರ್ಟ್‌ನನ್ನು ಮದುವೆಯಾಗುವ ಮುಂಚೆ ಇಂಗ್ಲೆಂಡಿನಲ್ಲಿ ಇದು ಅಪರೂಪದ ಹೆಸರು. ಆಮೇಲೆ ಕೂಲಿಯವರ ಮನೆಯಲ್ಲೂ ಬರ್ಟ್, ಬರ್ಟಿಗಳು. ಆಲ್ಬರ್ಟ್ 1861ರ ಡಿಸೆಂಬರ್ 14ರಂದು ಸತ್ತ. ರಾಣಿ ತನ್ನ ಕೊನೆಯವರೆಗೂ ಕಪ್ಪು ಬಟ್ಟೆ ಬಿಡಲಿಲ್ಲ, ಹುಟ್ಟುವ ಗಂಡುಮಕ್ಕಳಿಗೆ ಆಲ್ಬರ್ಟ್ ಎಂಬ ಹೆಸರು ಇರಲೇಬೇಕು ಎಂದು ಬಯಸಿದಳು. 1895ರಲ್ಲಿ ಒಬ್ಬ ಮರಿಮಗ ಸರಿಯಾಗಿ ಅದೇ ಡಿಸೆಂಬರ್ 14ಕ್ಕೆ ಹುಟ್ಟಿದಾಗ, ರಾಣಿಗೆ ಬೇಸರವಾದೀತು ಎಂದು ಹೆದರಿದ ಮನೆಯವರು ಕೂಸಿಗೆ ಆಲ್ಬರ್ಟ್ ಎಂದೇ ಇಟ್ಟರು. ಅವನೇ ಮುಂದೆ 1936ರಲ್ಲಿ ದೊರೆಯಾದವನು, ಆದರೆ ಆಗ ಆರನೇ ಜಾರ್ಜ್ ಎಂಬ ಹೆಸರು ತೆಗೆದುಕೊಂಡ. ಅದಕ್ಕೂ ಮುಂಚೆ ರಾಣಿಯ ಮಗ ಆಲ್ಬರ್ಟ್ ಎಡ್ವರ್ಡ್ ಕೂಡ 1901ರಲ್ಲಿ ಏಳನೇ ಎಡ್ವರ್ಡ್ ಆಗಿಯೇ ಪಟ್ಟಕ್ಕೆ ಬಂದ. ಇಷ್ಟೆಲ್ಲ ಆಲ್ಬರ್ಟ್‌ಗಳಿದ್ದೂ ಇಂಗ್ಲೆಂಡಿಗೆ ಇವತ್ತಿನವರೆಗೆ ಆಲ್ಬರ್ಟ್ ಎಂಬ ದೊರೆ ಇಲ್ಲ.

ಪರ್ಸಿ, ಸ್ಟ್ಯಾನ್ಲಿ, ಕ್ಲಿಫರ್ಡ್ ಬಗ್ಗೆಯೂ ಇನ್ನೊಬ್ಬರು ಕೇಳಿದ್ದಾರೆ. ಅವು ಮೊದಲು ಊರಿನ ಹೆಸರು, ಆಮೇಲೆ ದೊಡ್ಡ ಮನೆತನಗಳ ಹೆಸರು, ಕೊನೆಗೆ ಕೂಸಿನ ಹೆಸರು. ಸ್ಟ್ಯಾನ್ಲಿ ಅಂದರೆ 'ಕಲ್ಲಿನ ಬಯಲು', ಅಷ್ಟೇ.

ಮಗಳು ಲೀಡ್ಸ್‌ನಲ್ಲಿದ್ದಾಳೆ, ಮುಂದಿನ ತಿಂಗಳು ಹೆರಿಗೆ. ಹಳೆಯ ಇಂಗ್ಲಿಷ್ ಹೆಸರೇ ಇಡುತ್ತೇವೆ ಎನ್ನುತ್ತಾರೆ ಮಗಳು ಅಳಿಯ. ನಮಗೂ ಕರೆಯಲು ಬರುವಂಥದ್ದು ಯಾವುದಿದೆ?
— ಅಜ್ಜಿಯಾಗಲಿರುವವರು, ಹುಬ್ಬಳ್ಳಿ

ಮೊದಲು ನಿಮಗೆ ಅಭಿನಂದನೆ, ಅಮ್ಮಾ. ನೀವು ಕೇಳಿದ್ದು ತುಂಬಾ ಮುಖ್ಯ, ದಿನಕ್ಕೆ ಹತ್ತು ಸಲ ವಿಡಿಯೋದಲ್ಲಿ ಕೂಗಿ ಕರೆಯುವವರು ನೀವೇ ತಾನೇ.

ಹೆಣ್ಣಾದರೆ ಮೀನಾ ಎಂದು ನೋಡಿ. ವಿಲ್ಹೆಲ್ಮಿನಾದ ಚಿಕ್ಕ ರೂಪವಾಗಿ ಆ ಕಾಲದಲ್ಲಿ ಅಲ್ಲೂ ಇತ್ತು, ನಮ್ಮಲ್ಲಂತೂ ಇದ್ದೇ ಇದೆ, ಎರಡೂ ಕಡೆ ಯಾರೂ ತಡವರಿಸುವುದಿಲ್ಲ. ರೋಸ್ ಇಟ್ಟರೆ ನೀವು ರೋಜಾ ಎನ್ನಬಹುದು. ಎಲ್ಲಾ, ಆನಾ, ಐವಿ, ಲಿಲ್ಲಿ ಇವೂ ನಾಲಿಗೆಗೆ ಸುಲಭ. ಅಮೇಲಿಯಾ ಈಗ ಅಲ್ಲಿ ಬಹಳ ಮೆಚ್ಚಿನ ಹೆಸರು, ಆದರೆ ನಮ್ಮ ಕಿವಿಗೆ 'ಆಮೇಲೆ' ಎಂದು ಬೀಳುತ್ತದೆ, ಊರಿಗೆ ಬಂದಾಗ ಓಣಿಯ ಮಕ್ಕಳು ಬಿಡುವುದಿಲ್ಲ. ಎಡಿತ್, ಎಥೆಲ್‌ಗಳ ಕೊನೆಯ ಅಕ್ಷರ ನಮ್ಮವರಿಗೆ ಕಷ್ಟ. ಗಂಡಾದರೆ ಥಿಯೋ ಇದೆ, ಥಿಯೋಡೋರ್‌ನ ತುಂಡು, ದೇವರ ಕೊಡುಗೆ ಎಂಬುದೇ ಅರ್ಥ. ಆರ್ಚಿ, ಆಲ್ಫಿ, ಟೆಡ್ಡಿ ಎಂಬ ಮುದ್ದಿನ ಹೆಸರುಗಳನ್ನೂ ಈಗ ಅಲ್ಲಿ ನೇರವಾಗಿ ದಾಖಲೆಯಲ್ಲೇ ಬರೆಸುತ್ತಾರೆ. ನನ್ನ ಮಾತು ಕೇಳುವುದಾದರೆ ದಾಖಲೆಯಲ್ಲಿ ಉದ್ದ ಹೆಸರಿರಲಿ, ಮನೆಯಲ್ಲಿ ಚಿಕ್ಕದಿರಲಿ, ದೊಡ್ಡವನಾದ ಮೇಲೆ ಯಾವುದು ಬೇಕೋ ಅವನೇ ಆರಿಸಿಕೊಳ್ಳಲಿ. ನಡುವಿನ ಹೆಸರು ಎಂದು ಅಲ್ಲಿ ಇನ್ನೊಂದು ಜಾಗ ಇದೆ, ಅಲ್ಲಿ ನಿಮ್ಮ ಮನೆದೇವರ ಹೆಸರನ್ನೋ ಅಜ್ಜಿಯ ಹೆಸರನ್ನೋ ಹಾಕಿ ಎಂದು ಮಗಳಿಗೆ ಧೈರ್ಯವಾಗಿ ಹೇಳಿ.

ಅವಸರ ಪಡಬೇಡಿ, ತೀರಾ ತಡವೂ ಬೇಡ. ಇಂಗ್ಲೆಂಡಿನಲ್ಲಿ ಹುಟ್ಟನ್ನು ನೋಂದಾಯಿಸಲು 42 ದಿನ ಸಮಯ ಕೊಡುತ್ತಾರೆ. ನಾಮಕರಣಕ್ಕೆ ನೀವು ಅಲ್ಲಿಗೆ ಹೋಗುವುದಿದ್ದರೆ ಟಿಕೆಟ್ಟನ್ನು ಆ ದಿನಗಳೊಳಗೇ ಮಾಡಿಸಿಕೊಳ್ಳಿ.